ಕುಡಿತ ಬಿಟ್ಟವನ ಹೆಂಡತಿ

ಕುಡಿತ ಬಿಡಿಸುವ ಮೀಟಿಂಗು ಎಲ್ಲಿ ನಡೆಯುತ್ತದೆ ಎಂದು ನಾನು ಮೊದಲು ಕೇಳಿದ್ದು ಹನೂರಿನ ಔಷಧಿ ಅಂಗಡಿಯಲ್ಲಿ. ಮೆತ್ತಗೇ ಕೇಳಿದ್ದೆ. ಅಂಗಡಿಯವನು ಬೀದಿಗೆಲ್ಲ ಕೇಳುವ ಹಾಗೆ, "ಯಾರ್ಗವ್ವಾ, ನಿನ್ ಗಂಡಂಗಾ?" ಎಂದ. ಪಕ್ಕದಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಅವರ ರವಿಕೆಗಳನ್ನು ಹೊಲಿದುಕೊಡುವವಳೇ ನಾನು. ತಲೆನೋವಿನ ಮಾತ್ರೆಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟೆ.

ಗಂಡ ಗಾರೆ ಕೆಲಸದವನು. ಬೆಳಗ್ಗೆ ಅವನ ಕೈಗೆ ಸಮ ಯಾರೂ ಇರಲಿಲ್ಲ. ಮಧ್ಯಾಹ್ನದ ಮೇಲೆ ಅವನನ್ನು ಯಾರೂ ಗೋಡೆ ಹತ್ತಿಸುತ್ತಿರಲಿಲ್ಲ. ಆ ವರ್ಷ ರಕ್ತ ಕಾರಿಕೊಂಡ. ಆಸ್ಪತ್ರೆಯ ಡಾಕ್ಟರು, ಔಷಧಿ ಒಂದರಿಂದಲೇ ಆಗುವುದಿಲ್ಲ, ಕುಡಿತ ಬಿಟ್ಟವರ ಜೊತೆ ಕೂರಿಸು ಎಂದರು. ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ.

ಯಳಂದೂರಿನಲ್ಲಿ ಇದೆಯಂತೆ ಎಂದು ಯಾರೋ ಹೇಳಿದರು. ಒಂದು ಭಾನುವಾರ ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಹೋದೆ. ಅವರು ಹೇಳಿದ ಕಟ್ಟಡಕ್ಕೆ ಬೀಗ ಬಿದ್ದಿತ್ತು. ಎದುರು ಮನೆಯ ಹೆಂಗಸು, "ಅದು ನಿಂತೋಗಿ ಯಾವ ಕಾಲ ಆಯ್ತು ಕಣವ್ವ. ಬರೋರೇ ಇಲ್ದಿದ್ರೆ ಯಾರ್ಗೆ ಮಾಡಾರು?" ಎಂದಳು.

ವಾಪಸ್ಸು ಬರುವಾಗ ಕೊಳ್ಳೇಗಾಲದಲ್ಲಿ ಒಬ್ಬ ಆಟೋದವನನ್ನು ಕೇಳಿದೆ. ಅವನು ಬ್ರಾಂದಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ವಯಸ್ಸಾದವನನ್ನು ಕೂಗಿ, "ಅಣ್ಣೋ, ನೀನ್ ಓಯ್ತಿದ್ದಲ್ಲ ಆ ಮೀಟಿಂಗು, ಅದೆಲ್ಲಿ?" ಎಂದ. ಆತ ಕುಡಿದಿದ್ದ. ಆದರೂ ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಯಾವ ಬೀದಿ, ಯಾವ ತಿರುವು, ಶಾಲೆಯ ಹಿಂದಿನ ಯಾವ ರೂಮು ಎಂದು ಬಿಡಿಸಿ ಹೇಳಿದ. "ಓಗವ್ವ, ಒಳ್ಳೆ ಜನ ಅವರು. ನಂಗೇ ಆಗ್ನಿಲ್ಲ" ಎಂದ. ಗಂಡನ ಕುಡಿತದ ವಿಷಯದಲ್ಲಿ ನನ್ನೊಡನೆ ಮರ್ಯಾದೆಯಿಂದ ಮಾತಾಡಿದ ಮೊದಲನೆಯವನು ಅವನೇ.

ಮುಂದಿನ ವಾರ ಗಂಡನನ್ನು ಕರೆದುಕೊಂಡು ಹೋದೆ. ಬ್ರಾಂದಿ ಅಂಗಡಿ ದಾಟಿಸುವವರೆಗೆ ಅವನ ಅಂಗಿಯ ತೋಳು ಬಿಡಲಿಲ್ಲ. ಒಳಗೆ ಗಂಡಸರು ಮಾತ್ರ. ಒಬ್ಬೊಬ್ಬರಾಗಿ ಎದ್ದು, "ನಾನೊಬ್ಬ ಕುಡುಕ" ಎಂದು ಶುರುಮಾಡುತ್ತಿದ್ದರು. ನಾನು ಜಗಲಿಯ ಮೇಲೆ ಕೂತೆ. ಹೀಗೆಯೇ ಎಷ್ಟೋ ತಿಂಗಳು ಕಳೆದೆ. ಅಲ್ಲಿನ ಹಿರಿಯ, ಸತ್ತೇಗಾಲದ ಕಬ್ಬಿನ ರೈತ, ಪ್ರತಿ ಸಲ ನನಗೂ ಒಂದು ಲೋಟ ಟೀ ಕಳಿಸುತ್ತಿದ್ದ. ಒಮ್ಮೆ ಅವನನ್ನು, "ಹೆಂಡ್ತೀರಿಗೆ ಇಂಥದ್ದು ಇಲ್ವಾ ಅಣ್ಣ?" ಎಂದು ಕೇಳಿದೆ. "ದೊಡ್ಡ ಊರ್ಗಳಲ್ಲಿ ಅದಂತೆ ಕಣವ್ವ. ಇಲ್ಲಿ ಯಾರ್ ಬತ್ತಾರೆ?" ಎಂದ. ನಾನು ಬಂದಿದ್ದೇನಲ್ಲ ಎನ್ನಬೇಕೆಂದುಕೊಂಡು, ಲೋಟ ತೊಳೆದಿಟ್ಟೆ.

ಸುಳ್ಳು ಹೇಳಬಾರದು, ಗಂಡ ಕುಡಿತ ಬಿಟ್ಟ. ನಿಜವಾಗಿಯೂ ಬಿಟ್ಟ.

ವರ್ಷ ತುಂಬಿದಾಗ ಮನೆಯವರನ್ನೂ ಒಳಗೆ ಕರೆದರು. ಗಂಡ ಹೊಸ ಅಂಗಿ ಹಾಕಿಕೊಂಡು ಎದ್ದು ನಿಂತು ಮಾತಾಡಿದ. ನನ್ನ ಅಪ್ಪನನ್ನು ರಾಮಾಪುರದಲ್ಲಿ ಮಣ್ಣು ಮಾಡಿದ ದಿನದ ಕಥೆ ಹೇಳಿದ. ಅಂದು ಅವನು ಕುಡಿದು ತೂರಾಡುತ್ತ ಬಂದು, ಹೆಣ ಇಳಿಸುವ ಮೊದಲೇ ತಾನೇ ಗುಂಡಿಗೆ ಬಿದ್ದಿದ್ದ. ಚಿಕ್ಕಪ್ಪಂದಿರು ರಟ್ಟೆ ಹಿಡಿದು ಮೇಲಕ್ಕೆಳೆದಿದ್ದರು. ಅದನ್ನು ಅವನು ಈಗ ಕೈಕಾಲು ಆಡಿಸಿ ತೋರಿಸಿದ. "ಮಾವನ್ಗಿಂತ ಮುಂಚೆ ನಾನೇ ಜಾಗ ಹಿಡ್ಕಂಡಿದ್ದೆ ಕಣ್ರಪ್ಪ!" ಎಂದ. ರೂಮು ತುಂಬ ನಗು. ಕೆಟ್ಟ ನಗುವಲ್ಲ, ಅವರೆಲ್ಲರೂ ಅಂಥ ಯಾವುದೋ ಗುಂಡಿಗೆ ಬಿದ್ದು ಬಂದವರೇ. ಆಮೇಲೆ ಚಪ್ಪಾಳೆ. ಕೆಲವರು ಕಣ್ಣೊರೆಸಿಕೊಂಡರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದೆ. ಅಂದು ನಾನು ಅಪ್ಪನಿಗಾಗಿ ಅಳುವುದನ್ನೂ ಬಿಟ್ಟು ಇವನ ಮೈಮೇಲಿನ ಮಣ್ಣು ಒರೆಸಿದ್ದೆ. ಆ ಭಾಗ ಅವನ ಕಥೆಯಲ್ಲಿ ಇರಲಿಲ್ಲ.

ಹನೂರಿನ ಬಸ್ಸಿನಲ್ಲಿ ಕೇಳಿದೆ. "ಅಪ್ಪನ ಮಣ್ಣಿನ ವಿಷಯ ಅಷ್ಟು ಜನದ ಮುಂದೆ ಯಾಕ್ ಹೇಳ್ದೆ?"

"ಅಲ್ಲಿ ಎಲ್ಲಾನೂ ಬಿಚ್ಚೇಳ್ಬೇಕು ಕಣ್ಲೇ. ಮನ್ಸು ಅಗುರಾಯ್ತದೆ."

"ನಂಗ್ ಒಂದಿನಾನೂ ಹೇಳ್ನಿಲ್ವಲ್ಲ?"

"ನೀನ್ ಅಲ್ಲೇ ಇದ್ದಲ್ಲ, ನಿಂಗ್ ಗೊತ್ತಿಲ್ದೆ ಇರೋದು ಏನದೆ?" ಎಂದು ಕಿಟಕಿಯ ಕಡೆ ತಿರುಗಿದ.

ಅಂದಿನಿಂದ ನಾನು ಹೋಗುವುದು ನಿಲ್ಲಿಸಿದೆ. ಅವನು ಒಂದು ವಾರವೂ ತಪ್ಪಿಸಲಿಲ್ಲ. ಊರಿನವರು ಅವನನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ರವಿಕೆ ಅಳತೆ ಕೊಡಲು ಬಂದವರು, "ನೀನ್ ಪುಣ್ಯ ಮಾಡಿದ್ದೆ ಕಣವ್ವ" ಎನ್ನುತ್ತಾರೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತೇನೆ, ಉತ್ತರ ಕೊಡಬೇಕಾಗಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನೋಯಿಸಿದವರ ಹತ್ತಿರ ಹೋಗಿ ಕ್ಷಮೆ ಕೇಳಬೇಕೆಂಬುದು ಅಲ್ಲಿನ ಕಟ್ಟಳೆಯಂತೆ.

"ಒಸಿ ಕುಂತ್ಕೊ. ನಿನ್ ತಾವ ಕ್ಷಮೆ ಕೇಳ್ಬೇಕು."

ರಾಗಿ ಮುದ್ದೆ ತಿರುವುತ್ತಿದ್ದೆ. "ಯಾವುದ್ಕೆ?" ಎಂದೆ.

"ಎಲ್ಲಕ್ಕೂ."

"ಎಲ್ಲಕ್ಕೂ ಅಂದ್ರೆ? ಒಂದು ಹೇಳು."

ಅವನು ಬಾಯಿ ತೆರೆದ. ಅಷ್ಟು ಜನರೆದುರು ಕೈಕಾಲಾಡಿಸಿ ಮಾತಾಡಿದ್ದವನಿಗೆ ನನ್ನೊಬ್ಬಳ ಮುಂದೆ ಒಂದು ಮಾತೂ ಹೊರಡಲಿಲ್ಲ. ಮೀಟಿಂಗಿಗೆ ಹೋಗುವ ಬಸ್ಸಿನ ಹೊತ್ತಾಗುತ್ತಿತ್ತು. ಮುದ್ದೆ ತಳ ಹಿಡಿಯುತ್ತಿತ್ತು. "ಸರಿ, ಓಗು" ಎಂದೆ. ಅವನ ಮುಖ ಅರಳಿತು. ಚಪ್ಪಲಿ ಮೆಟ್ಟಿಕೊಂಡು ಹೊರಟ.

ಸತ್ತೇಗಾಲದ ಹಿರಿಯ ಆಮೇಲೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಕೈಮುಗಿದ. ನಾನು ಗಂಡನನ್ನು ಕ್ಷಮಿಸಿದ್ದನ್ನು ಕೇಳಿ ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದರಂತೆ.