ಪಿನ್ ಹಿಡಿದ ಬೀರಣ್ಣ

ನಿಂಬರ್ಗಾದಲ್ಲಿ ಯಾರ ಮನೆಯ ಟಿವಿಗೆ ವಿಸಿಆರ್ ಜೋಡಿಸಬೇಕಾದರೂ ಬೀರಣ್ಣನೇ ಬರಬೇಕು. ಬಂದವನು ಮೊದಲು ಚಹಾ ಕುಡಿಯುತ್ತಾನೆ, ಆಮೇಲೆ ವೈರಿನ ಪಿನ್ನನ್ನು ಊದಿ, ಧೋತರದಿಂದ ಒರೆಸಿ, ಹಣೆಗೊತ್ತಿಕೊಂಡು ಟಿವಿಯ ಬೆನ್ನಿಗೆ ಚುಚ್ಚುತ್ತಾನೆ. “ಯಾರೂ ಕೈ ಹಚ್ಚಬ್ಯಾಡ್ರಿ, ಮಷೀನಿಗಿ ನನ್ನ ಕೈ ಗೊತ್ತದ.” ಪಿನ್ ಸಡಿಲ, ಕೈ ಬಿಟ್ಟರೆ ಚಿತ್ರ ಹೋಗುತ್ತದೆ, ಹಾಗಾಗಿ ಮೂರು ತಾಸೂ ಅದನ್ನು ಹಿಡಿದುಕೊಂಡು ಟಿವಿಯ ಹಿಂದೆಯೇ ಕೂರುತ್ತಾನೆ. ಎಂಟು ವರ್ಷದಲ್ಲಿ ಅವನು ಒಂದು ಸಿನಿಮಾವನ್ನೂ ನೋಡಿಲ್ಲ, ನೋಡುವವರ ಮುಖಗಳನ್ನಷ್ಟೇ ನೋಡಿದ್ದಾನೆ. ಹೊಸ ಪಿನ್ ತರಿಸುತ್ತೇವೆಂದರೆ, “ಬ್ಯಾಡ್ರಿ, ನನಗ ಇಲ್ಲಿಂದೇ ಛಲೋ ಕಾಣಸ್ತದ” ಎನ್ನುತ್ತಾನೆ. ಪ್ರತಿ ಸಲವೂ ಮೊದಲು ಹಾಕುವುದು ಒಂದೇ ಹಳೆಯ ಕ್ಯಾಸೆಟ್. “ಬ್ಯಾರೆ ಪಿಚ್ಚರ್ ಇಲ್ಲೇನೋ?” ಎಂದು ಒಂದು ಮನೆಯ ಒಡತಿ ಗೌರಾಬಾಯಿ ರೇಗಿದರೆ, ಎದುರಿಗೆ ಕೂತ ತನ್ನ ಹೆಂಡತಿ ನಿಂಬೆವ್ವನನ್ನು ಟಿವಿಯ ಮೇಲಿಂದ ಇಣುಕಿ ನೋಡಿ, ದನಿ ತಗ್ಗಿಸುತ್ತಾನೆ: “ನಮ್ಮಾಕಿ ನಗೂದು ಇದೊಂದರಾಗೇ ನೋಡ್ರಿ.”