ಗಾಡಿ ಹೂಡದ ಸೋಮವಾರ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವನ ದಿನ. ಮಳೆ ಬಿದ್ದು ನೆಲದ ಹದ ಕೈತಪ್ಪುವ ಹಾಗಿದ್ದರೂ ಅಂದು ಯಾರೂ ನೇಗಿಲು ಹೂಡುವುದಿಲ್ಲ. ನಾನು ಚಿಕ್ಕವನಿದ್ದಾಗ ಚಳ್ಳಕೆರೆಗೆ ಇನ್ನೂ ಮೋಟಾರು ಬಂದಿರಲಿಲ್ಲ. ಗಾಡಿ, ಗಾಣ, ನೇಗಿಲು ಎಲ್ಲಕ್ಕೂ ಎತ್ತುಗಳೇ ಆಗಬೇಕಿತ್ತು. ಆದ್ದರಿಂದ ಸೋಮವಾರ ಬೆಳಿಗ್ಗೆ ಎದ್ದರೆ ಊರು ಬೇರೆ ಥರ ಕೇಳಿಸುತ್ತಿತ್ತು. ಗಾಣದ ಕಿರುಗುಟ್ಟುವಿಕೆ ಇಲ್ಲ, ಗಾಡಿ ಕೀಲಿನ ಸದ್ದಿಲ್ಲ, ಬರೀ ಕಾಗೆ ಮತ್ತು ಜನ.

ನಮ್ಮ ಗರಡಿಗೂ ಅಂದೇ ರಜೆ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ಊರಾಚೆ ತೋಟದಲ್ಲಿ ಮನೆ ಮಾಡಿಕೊಂಡಿದ್ದ ಒಕ್ಕಲುಮನೆತನದವರು, ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಎತ್ತುಗಳನ್ನು ಸಾಕುವುದರಲ್ಲಿ ಅವರಷ್ಟು ತಿಳಿದವರು ಸುತ್ತಮುತ್ತ ಇರಲಿಲ್ಲ. ಹುಡುಗರ ಮೈಯನ್ನೂ ಅವರು ಎತ್ತಿನ ಮೈ ನೋಡಿದ ಹಾಗೆಯೇ ನೋಡುತ್ತಿದ್ದರು. ದುಡಿಸಬೇಕು, ತಿನ್ನಿಸಬೇಕು, ವಾರಕ್ಕೊಂದು ದಿನ ಬಿಡಬೇಕು. ಬಿಟ್ಟ ಮಾರನೆಯ ದಿನ, ಮೈಯಲ್ಲಿ ಹೊಸ ಕಸುವು ಇರುವಾಗ, ದೊಡ್ಡ ಭಾರ ಎತ್ತಿಸಬೇಕು. ಹಾಗಾಗಿ ಮಂಗಳವಾರ ಗುಂಡಿನ ದಿನವಾಗಿತ್ತು. ಗುಂಡು ಎಂದರೆ ಕರೀ ಕಲ್ಲಿನ ದೊಡ್ಡ ಉಂಡೆ. ಅದಕ್ಕೆ ಹಿಡಿ ಇಲ್ಲ, ಮೂಲೆ ಇಲ್ಲ. ಎಣ್ಣೆ ಹಚ್ಚಿ ಹಚ್ಚಿ ನುಣ್ಣಗಾಗಿತ್ತು. ನೆಲದಿಂದ ಮೊಣಕಾಲಿಗೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಎದೆಗೆ, ಕೊನೆಗೆ ಹೆಗಲಿಗೆ ಅದನ್ನು ತರಬೇಕು. ಶುಕ್ರವಾರ ಇನ್ನೊಂದು ಸಲ ಗುಂಡು. ಉಳಿದ ದಿನ ಬಸ್ಕಿ, ಸಾಮು, ಮಣ್ಣಿನಲ್ಲಿ ಜೋಡಿ ಹಿಡಿಯುವುದು.

ನಾನೂ ನಮ್ಮಣ್ಣನೂ ಒಟ್ಟಿಗೇ ಗರಡಿಗೆ ಹೋಗುತ್ತಿದ್ದೆವು. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಪಕ್ಕದೂರು ನನ್ನಿವಾಳದ ಒಬ್ಬರ ಹೊಲದಲ್ಲಿ ನೇಗಿಲು ಹಿಡಿಯುತ್ತಿದ್ದೆ. ಅಣ್ಣ ಚಳ್ಳಕೆರೆ ಪೇಟೆಯಲ್ಲಿ ಹಮಾಲಿ. ಎಳ್ಳು, ಹರಳು, ಹತ್ತಿ, ಏನು ಬಂದರೂ ಹೊರುವುದು ಅವನ ಕೆಲಸ. ಗುಂಡು ಎತ್ತುವುದನ್ನು ನನಗೆ ಹೇಳಿಕೊಟ್ಟವನು ಅವನೇ. ವಸ್ತಾದರು ಹೇಳಿದರೆ ಹುಡುಗರಿಗೆ ಅರ್ಥವಾಗುತ್ತಿತ್ತು, ಅಣ್ಣ ಹೇಳಿದರೆ ಮೈಗೆ ಬರುತ್ತಿತ್ತು.

"ಕಲ್ಲಿನ ಜೊತೆ ಜಗಳ ಆಡ್ಬ್ಯಾಡ ಕಣಲೇ," ಎನ್ನುತ್ತಿದ್ದ. "ನಿದ್ದೆ ಮಾಡ್ತಿರೋ ಕೂಸನ್ನ ಎತ್ಕಳಲ್ವಾ, ಹಂಗೆ ತಬ್ಬು. ಎಚ್ಚರ ಆಗಬಾರ್ದು ಅದಕ್ಕೆ."

"ಕೂಸು ಇಷ್ಟು ಭಾರ ಇದ್ರೆ ಅವ್ವನ ಗತಿ ಏನಣ್ಣ?"

"ನೀನು ಹಿಂಗೇ ಇದ್ದೆಯಂತೆ. ಅವ್ವನ್ನ ಕೇಳು."

ಆ ವರ್ಷ ರಾಂಪುರದ ಒಂದು ದೊಡ್ಡ ಮನೆಯವರು ತಮ್ಮೂರಿನ ಆಂಜನೇಯನ ಗುಡಿಯ ಪಕ್ಕ ಹೊಸ ಗರಡಿ ಕಟ್ಟಿಸಿದರು. ಅದಕ್ಕೊಬ್ಬ ಹರೆಯದ ವಸ್ತಾದ ಬೇಕಾಗಿತ್ತು. ನಿಮ್ಮ ಹುಡುಗರಲ್ಲಿ ಒಬ್ಬನನ್ನು ಕಳಿಸಿ, ಇರಲು ಮನೆ, ಸುಗ್ಗಿಯಲ್ಲಿ ಜೋಳ, ಹಾಲಿಗೆ ಒಂದು ಎಮ್ಮೆ ಕೊಡುತ್ತೇವೆ ಎಂದು ನಮ್ಮ ವಸ್ತಾದರಿಗೆ ಹೇಳಿ ಕಳಿಸಿದ್ದರು. ಅವರದು ಒಂದೇ ಕಟ್ಟಳೆ. ಗರಡಿಯ ಬಾಗಿಲು ತೆರೆಯುವ ದಿನ ಹೊಸ ವಸ್ತಾದ ಗುಂಡನ್ನು ಹೆಗಲ ಮೇಲೆ ಹೊತ್ತು, ಗುಡಿ ಸುತ್ತಿ, ಹೊಸ್ತಿಲು ದಾಟಿ ಒಳಗೆ ತರಬೇಕು.

ವಸ್ತಾದರು ಅಣ್ಣನ ಹೆಸರು ಹೇಳಿದರು. ಅಂದು ಅಣ್ಣ ಮನೆಗೆ ಬಂದು ಊಟ ಮಾಡಿದ. ಕೈ ತೊಳೆದ ಮೇಲೆ ಅವ್ವನಿಗೆ ಹೇಳಿದ:

"ಅವ್ವ, ಇನ್ನು ಮೂಟೆ ಹೊರದು ತಪ್ಪಬೌದು."

"ಎಮ್ಮೆ ಕೊಡ್ತಾರಂತಲ್ಲ?"

"ಕೊಡ್ತಾರಂತೆ."

"ಕರೆಯೋಳು ಒಬ್ಬಳು ಬೇಕಾಗ್ತಾಳೆ ಹಂಗಾದ್ರೆ," ಎಂದಳು ಅವ್ವ. ಅಣ್ಣ ನಾಚಿಕೊಂಡು ಹೊರಗೆ ಹೋದ. ಅವನು ಅಷ್ಟು ಸಂತೋಷವಾಗಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹೊಸ ಗರಡಿಗೆ ಕಡೆದ ಗುಂಡು ನಮ್ಮದಕ್ಕಿಂತ ದೊಡ್ಡದು. ವಸ್ತಾದರು ಅದನ್ನು ಮೊದಲೇ ಚಳ್ಳಕೆರೆಗೆ ತರಿಸಿ ಅಣ್ಣನ ಮುಂದೆ ಇಟ್ಟರು. ಮೊದಲ ದಿನವೇ ಅಣ್ಣ ಅದನ್ನು ಎದೆಯವರೆಗೆ ತಂದ. ಹೆಗಲಿಗೆ ಏರಿಸುವುದು ಇನ್ನೇನು ದೊಡ್ಡ ಮಾತಲ್ಲ ಎಂದು ಎಲ್ಲರೂ ಅಂದುಕೊಂಡೆವು.

ಆದರೆ ಅದು ಏರಲಿಲ್ಲ. ಮುಂದಿನ ಮಂಗಳವಾರ ಎದೆಗೂ ಬರಲಿಲ್ಲ. ಅದರ ಮುಂದಿನ ವಾರ ತೊಡೆಯ ಮೇಲೇ ನಿಂತುಬಿಟ್ಟಿತು. ವಸ್ತಾದರು ತಾಲೀಮು ಹೆಚ್ಚಿಸಿದರು. ಮಂಗಳವಾರ, ಶುಕ್ರವಾರದ ಜೊತೆಗೆ ಬುಧವಾರವೂ ಗುಂಡು ಎಂದರು. ಆಮೇಲೆ ಶನಿವಾರವನ್ನೂ ಸೇರಿಸಿದರು. ಸೋಮವಾರ ಮಾತ್ರ ಬೇಡ, ಅದು ಬಿಡುವಿನ ದಿನ ಎಂದರು. ಅಣ್ಣನಿಗೆ ದಿನವೂ ಹಾಲು, ತುಪ್ಪ ತಮ್ಮ ಮನೆಯಿಂದಲೇ ಕಳಿಸಿದರು. ಅವರ ಆಸೆಯೂ ಅಷ್ಟೇ ದೊಡ್ಡದಿತ್ತು. ಆದರೂ ಅಣ್ಣನ ಮುಖ ಇಳಿಯುತ್ತಾ ಬಂತು, ಗುಂಡು ಕೆಳಗೇ ಉಳಿಯುತ್ತಾ ಬಂತು.

ಅದೇ ಸಮಯಕ್ಕೆ ನನ್ನ ಮೈ ಗಟ್ಟಿಯಾಗುತ್ತಿತ್ತು. ಹಳೆಯ ಗುಂಡನ್ನು ನಾನು ಹೆಗಲಿಗೆ ತಂದು ನಿಂತ ದಿನ ವಸ್ತಾದರು ಅಣ್ಣನ ಕಡೆ ತಿರುಗಿದರು.

"ನೋಡಲೇ ನಿನ್ನ ತಮ್ಮನ್ನ. ಮೀಸೆ ನೆಟ್ಟಗೆ ಬಂದಿಲ್ಲ. ನೀನು ರಾತ್ರಿ ಎಲ್ಲಿ ಅಲಿಯಾಕೆ ಹೋಗ್ತೀಯಾ?"

"ಎಲ್ಲೂ ಇಲ್ರಿ."

"ಎಮ್ಮೆ ಕನಸು ಕಂಡು ನಿದ್ದೆ ಬರವಲ್ದೇನೋ," ಎಂದ ಜೊತೆಯವನೊಬ್ಬ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಕ್ಕು, ಗರಡಿಯ ಕೆಮ್ಮಣ್ಣನ್ನು ಎತ್ತಿ ಹೆಗಲಿಗೆ ಉಜ್ಜಿಕೊಂಡ. ಆ ಹೆಗಲು ಆಗ ಕೆಂಪಗಿತ್ತು. ಕೆಮ್ಮಣ್ಣಿನ ಬಣ್ಣವೆಂದು ನಾವು ನೋಡಿದವರೆಲ್ಲ ತಿಳಿದೆವು.

ಒಂದು ಮಂಗಳವಾರದ ಮಾತು ನನಗೆ ಈಗಲೂ ನೆನಪಿದೆ. ನಾವು ಗರಡಿಯ ಮುಂದೆ ನಿಂತಿದ್ದಾಗ ಹತ್ತಿ ತುಂಬಿದ ಗಾಡಿಯೊಂದು ಹೋಗುತ್ತಿತ್ತು. ವಸ್ತಾದರು ಗಾಡಿಯನ್ನು ನಿಲ್ಲಿಸಿ, ಎಡಗಡೆ ಎತ್ತಿನ ಹೆಗಲ ಮೇಲೆ ಅಂಗೈ ಇಟ್ಟು ನೋಡಿದರು.

"ನಿನ್ನೆ ಇದನ್ನ ಹೂಡಿದ್ದೆ ಅಲ್ಲೇನೋ?"

ಗಾಡಿಯವನು ತಡವರಿಸಿದ. "ಇಲ್ರೀ ಗೌಡ್ರೆ, ಒಂದ್ ಈಟು ದೂರ, ಸೌದೆ ತರಾಕೆ..."

"ಹೆಗಲು ಬಿಸಿ ಐತೆ ಇನ್ನೂ. ಬಾಯಿಲ್ಲದ್ದು ಅಂತ ಹಿಂಗೆ ಮಾಡ್ತಾರೇನೋ? ಸೋಮಾರ ದುಡಿಸಿ ಮಂಗಳಾರ ಭಾರ ಹೇರಿದ್ರೆ ಎಷ್ಟು ದಿನ ಬಂದೀತು ಇದು?"

ಗಾಡಿಯವನು ತಲೆ ತಗ್ಗಿಸಿ ಹೋದ. ವಸ್ತಾದರು ಕೈ ಕೊಡವಿಕೊಂಡು ಒಳಗೆ ಬಂದು ಅಣ್ಣನಿಗೆ, "ಬಾ, ಹಿಡಿ ಗುಂಡು," ಎಂದರು. ಅಣ್ಣ ಹೋಗಿ ಹಿಡಿದ.

ಅಣ್ಣನ ನಡು ಮುರಿದದ್ದೂ ಮಂಗಳವಾರವೇ, ರಾಂಪುರದ ಬಾಗಿಲು ತೆರೆಯುವುದಕ್ಕೆ ಸ್ವಲ್ಪ ದಿನ ಮುಂಚೆ. ಅಂದು ಗುಂಡು ಬಹಳ ದಿನಗಳ ಮೇಲೆ ಎದೆಗೆ ಬಂದಿತ್ತು. ನಾವೆಲ್ಲ ಉಸಿರು ಹಿಡಿದು ನಿಂತಿದ್ದೆವು. ಅಣ್ಣ ಹಿಂದಕ್ಕೆ ಬಾಗಿ ಅದನ್ನು ಮೇಲಕ್ಕೆ ದೂಡಿದಾಗ ಹಸಿ ಬಟ್ಟೆ ಹರಿದಂತೆ ಒಂದು ಸಣ್ಣ ಸದ್ದಾಯಿತು. ಅವನು ಕೂಗಲಿಲ್ಲ. ಗುಂಡನ್ನು ಬೀಳಿಸಲೂ ಇಲ್ಲ. ಹೇಗೆ ಎತ್ತಿದ್ದನೋ ಹಾಗೆಯೇ ತೊಡೆಗೆ, ಮೊಣಕಾಲಿಗೆ, ಮಣ್ಣಿಗೆ ಇಳಿಸಿದ. ಆಮೇಲೆ ಅದರ ಪಕ್ಕದಲ್ಲೇ ಮಲಗಿದ. ಅವನನ್ನು ಬಾಗಿಲ ಹಲಗೆಯ ಮೇಲೆ ಹಾಕಿಕೊಂಡು ಮನೆಗೆ ತಂದೆವು.

ಮುಂದಿನ ಸೋಮವಾರ ವಸ್ತಾದರು ಎಳ್ಳೆಣ್ಣೆಯ ಕುಡಿಕೆ ಹಿಡಿದು ನಮ್ಮ ಮನೆಗೆ ಬಂದರು. ಸೋಮವಾರ ಅವರು ಊರೊಳಗೆ ಬರುವವರಲ್ಲ. ಬೆಳಗಿನಿಂದ ಪೂಜೆ, ಆಮೇಲೆ ಎತ್ತುಗಳ ಮೈ ತೊಳೆಯುವುದು, ಇಷ್ಟರಲ್ಲೇ ಅವರ ದಿನ ಮುಗಿಯುತ್ತಿತ್ತು. ಅಂದು ಅಣ್ಣನ ಪಕ್ಕ ಕೂತು, ಎಷ್ಟು ತಾಲೀಮು ಮಾಡಿಸಿದರೂ ಏಕೆ ಹೀಗಾಯಿತೋ ತಿಳಿಯುತ್ತಿಲ್ಲ ಎಂದು ಅವ್ವನ ಹತ್ತಿರ ನೊಂದುಕೊಂಡರು.

"ನೀವೇನು ಮಾಡೀರ್ರಿ," ಎಂದಳು ಅವ್ವ. "ಅವನ ಹಣೆಬರ. ಇವತ್ತು ಸೋಮಾರ ನೋಡ್ರಿ. ಸರಿಯಾಗಿದ್ರೆ ಇಷ್ಟೊತ್ತಿಗೆ ಬೆನ್ನ ಮ್ಯಾಲೆ ಮೂಟೆ ಇರ್ತಿತ್ತು."

"ಇವತ್ತೂ ಮೂಟೆ ಹೊರ್ತಿದ್ನಾ?"

"ಇವತ್ತೇ ಅಲ್ವೇನ್ರಿ ಜಾಸ್ತಿ. ಬ್ಯಾರೆ ದಿನ ಗಾಡಿಗೆ ಏರಿಸಿದ್ರೆ ಮುಗೀತು. ಸೋಮಾರ ಗಾಡಿ ಎಲ್ಲೈತೆ? ಪ್ಯಾಟೆಯಿಂದ ಗಾಣದ ಮನೆಗೆ, ಗಾಣದ ಮನೆಯಿಂದ ಗೋದಾಮಿಗೆ, ಎಲ್ಲಾ ಹುಡುಗ್ರ ಬೆನ್ನ ಮ್ಯಾಲೇನೆ. ಮಂಗಳಾರ ಬೆಳಿಗ್ಗೆ ಬರೋ ಗಾಡಿಗೆ ಮಾಲು ತಯಾರಿರಬೇಕಲ್ಲ. ಸೋಮಾರ ಸಂಜೆ ಬಂದ್ರೆ ಅನ್ನದ ಮುಂದೇನೇ ತೂಕಡಿಸ್ತಿದ್ದ."

ವಸ್ತಾದರು ಎಣ್ಣೆಯ ಕುಡಿಕೆಯನ್ನು ಕೆಳಗಿಟ್ಟರು.

"ಯಾವಾಗಿಂದ?" ಎಂದರು.

"ಯಾವಾಗಿಂದ ಅಂದ್ರೆ? ಪ್ಯಾಟೆಗೆ ಸೇರಿದಾಗಿಂದ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ನನ್ನ ಸೋಮವಾರ ಎತ್ತುಗಳ ಜೊತೆ ಕಳೆಯುತ್ತಿತ್ತು. ಅವುಗಳಿಗೆ ಬಿಡುವು ಎಂದರೆ ನನಗೂ ಬಿಡುವು. ಅದೇ ಬಿಡುವಿನ ಭಾರ ಅಣ್ಣನ ಬೆನ್ನಿಗೆ ಹೋಗುತ್ತಿತ್ತು ಎಂಬುದು ಒಂದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ವಸ್ತಾದರು ಅಣ್ಣನ ಅಂಗಿ ಸರಿಸಿ ಹೆಗಲ ಮೇಲೆ ಅಂಗೈ ಇಟ್ಟರು. ಗರಡಿಯ ಮಣ್ಣು ತೊಳೆದುಹೋಗಿತ್ತು. ಚರ್ಮ ದಡ್ಡುಗಟ್ಟಿ, ಅಲ್ಲಲ್ಲಿ ಸುಲಿದು ಒಣಗಿತ್ತು.

"ಒಂದು ಮಾತು ಹೇಳಬಾರ್ದಿತ್ತೇನೋ ಮಗಾ?"

"ಏನಂತ ಹೇಳ್ಲಿ ವಸ್ತಾದ್ರೆ? ಅದು ಕೂಲಿ. ಇದು ತಾಲೀಮು."

"ಮೈ ಒಂದೇ ಅಲ್ವೇನೋ."

ಅಣ್ಣ ಸೂರಿನ ಕಡೆ ನೋಡುತ್ತಾ ಹೇಳಿದ: "ನೀವು ಸೋಮಾರ ಬಿಡುವು ಅಂತಿದ್ರಿ. ನಾನೂ ಬಿಡುವು ಅಂತಾನೇ ಅಂದ್ಕಂಡಿದ್ದೆ. ಎಲ್ರಿಗೂ ಮಂಗಳಾರ ಕಸುವು ಬರ್ತಿತ್ತಲ್ಲ. ನನಗ್ಯಾಕೆ ಬರವಲ್ದು ಅಂತ ನನಗೇ ತಿಳೀಲಿಲ್ಲ."

ವಸ್ತಾದರು ಎದ್ದರು. ಹೊಸ್ತಿಲ ಹತ್ತಿರ ನಿಂತು ನನಗೆ, "ನಾಳೆ ಯಾರೂ ಗುಂಡು ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದರು.

ರಾಂಪುರದ ಗರಡಿಯ ಬಾಗಿಲನ್ನು ಬಳ್ಳಾರಿ ಕಡೆಯ ಒಬ್ಬ ತೆರೆದ. ಅಣ್ಣನ ಬದಲು ನೀನು ಹೋಗುತ್ತೀಯಾ ಎಂದು ವಸ್ತಾದರು ನನ್ನನ್ನು ಕೇಳಿದ್ದರು. ನಾನು ಒಲ್ಲೆ ಎಂದೆ. ಅವರು ಒತ್ತಾಯ ಮಾಡಲಿಲ್ಲ.

ಚಳಿಗಾಲ ಕಳೆದರೂ ಅಣ್ಣನಿಗೆ ಎದ್ದು ಕೂರಲಾಗಲಿಲ್ಲ. ರಾಂಪುರದ ಆಚೆ ಮೂಳೆ ಕಟ್ಟುವವರೊಬ್ಬರಿದ್ದಾರೆ ಎಂದು ಕೇಳಿ, ನೆರೆಮನೆಯವರ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ ಅವನನ್ನು ಮಲಗಿಸಿಕೊಂಡು ಹೊರಟೆವು. ಎತ್ತುಗಳನ್ನು ದನ ಮೇಯುವ ವರವು ಕಾವಲಿನ ಕಡೆಯಿಂದ ತಂದಿದ್ದರು, ಒಳ್ಳೆಯ ನಡಿಗೆಯವು. ಆದರೂ ಗಾಡಿ ಕಲ್ಲಿನ ಮೇಲೆ ಹತ್ತಿ ಇಳಿದಾಗಲೆಲ್ಲ ಅಣ್ಣ ಕಣ್ಣು ಮುಚ್ಚುತ್ತಿದ್ದ. ಮೊಳಕಾಲ್ಮೂರು ಸೇರುವಷ್ಟರಲ್ಲಿ ಭಾನುವಾರ ಮುಗಿಯಿತು. ಊರ ಹೊರಗೆ ಹುಣಸೆ ಮರದ ಕೆಳಗೆ ಎತ್ತುಗಳನ್ನು ನೊಗದಿಂದ ಬಿಚ್ಚಿದೆವು.

ಬೆಳಿಗ್ಗೆ ಅಣ್ಣನ ನೋವು ಹೆಚ್ಚಾಗಿತ್ತು. ಗಾಡಿ ಹೊಡೆಯುತ್ತಿದ್ದ ನೆರೆಮನೆಯವನು ಅಣ್ಣನನ್ನು ನೋಡಿ, ಎತ್ತುಗಳನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದ.

"ಸೋಮಾರ ಅಂತ ಕುಂತ್ರೆ ಆಗಲ್ಲ. ಜೀವ ದೊಡ್ಡದು. ಹೂಡಿಬಿಡ್ತೀನಿ, ಶಿವ ಏನೂ ಅನ್ನಲ್ಲ."

ಮೆಲ್ಲಗೆ ಹೇಳಿದ್ದರೂ ಅಣ್ಣನಿಗೆ ಕೇಳಿಸಿತು.

"ಬ್ಯಾಡ," ಎಂದ.

"ನಿನಗೆ ನೋವಾಗ್ತೈತಲ್ಲೋ."

"ಆಗ್ಲಿ. ನಿನ್ನೆ ಎಲ್ಲಾ ನನ್ನ ಎಳೆದಾವೆ. ನಾಳೆನೂ ಎಳೀಬೇಕು. ಇವತ್ತೊಂದಿನ ಬಿಡು ಅವನ್ನ."

ಗಾಡಿಯವನು ನೊಗವನ್ನು ಮರಕ್ಕೆ ಒರಗಿಸಿದ. ಅಣ್ಣನನ್ನು ಗಾಡಿಯಿಂದ ಇಳಿಸಿ ನೆರಳಲ್ಲಿ ಕಂಬಳಿಯ ಮೇಲೆ ಮಲಗಿಸಿದೆವು. ಎತ್ತುಗಳು ಅವನಿಂದ ಮಾರು ದೂರದಲ್ಲಿ ಕಾಲು ಮಡಿಸಿ ಮೆಲುಕು ಹಾಕುತ್ತಿದ್ದವು. ಊರೊಳಗಿನಿಂದ ಮಗ್ಗಗಳ ಸದ್ದು ಬರುತ್ತಿತ್ತು. ನೀರಿಗೆ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, "ಏಮಿ ನಾಯನಾ, ಎತ್ತಿನ ಜೊತೆ ನೀನೂ ಮಲಗಿಬಿಟ್ಟಿದೀಯ?" ಎಂದು ತೆಲುಗು ಬೆರೆಸಿ ಕೇಳಿದಳು.

"ಹೌದವ್ವ. ಇವತ್ತು ನಮಗೆ ಬಿಡುವು," ಎಂದ ಅಣ್ಣ.

ಮುದುಕಿ ನಗುತ್ತಾ ಹೋದಳು. ಅಣ್ಣ ಬಿಸಿಲು ಇಳಿಯುವವರೆಗೂ ನಿದ್ದೆ ಮಾಡಿದ. ಬಾಯಿ ಸ್ವಲ್ಪ ತೆರೆದಿತ್ತು. ಅವನು ಹಗಲು ಹೊತ್ತು ಹೀಗೆ ನಿಶ್ಚಿಂತೆಯಾಗಿ ನಿದ್ದೆ ಮಾಡಿದ ಸೋಮವಾರವನ್ನು ನಾನು ನೋಡಿದ್ದು ಅದೇ ಮೊದಲು. ನೊಣ ಓಡಿಸುತ್ತಾ ಅವನ ಪಕ್ಕ ಕೂತಿದ್ದೆ. ಮಾರನೆಯ ದಿನ ರಾಂಪುರದಲ್ಲಿ ಗಾಡಿ ಹೊಸ ಗರಡಿಯ ಮುಂದೆಯೇ ಹೋಯಿತು. ಒಳಗೆ ಹುಡುಗರು ಬಸ್ಕಿ ಹೊಡೆಯುವ ಸದ್ದು ಕೇಳುತ್ತಿತ್ತು. ಅಣ್ಣ ಎಚ್ಚರವಾಗಿಯೇ ಇದ್ದ.

ಮೂಳೆ ಕಟ್ಟುವವರು ಬಿದಿರು ದಬ್ಬೆ ಇಟ್ಟು ಕಟ್ಟಿದರು. ಕೋಲು ಹಿಡಿದು ನಡೆಯುವಷ್ಟಾಯಿತು, ಭಾರ ಹೊರುವಷ್ಟಾಗಲಿಲ್ಲ. ಅಣ್ಣ ಮದುವೆಯಾಗಲಿಲ್ಲ. ಉಳಿದ ಕಾಲವನ್ನೆಲ್ಲ ಪೇಟೆಯಲ್ಲಿ ಒಂದು ಕಂಬಕ್ಕೆ ಒರಗಿ ಕೂತು, ಹರಿದ ಗೋಣಿಚೀಲಗಳನ್ನು ದಬ್ಬಳದಿಂದ ಹೊಲಿಯುತ್ತಾ ಕಳೆದ. ಸೋಮವಾರ ಮಾತ್ರ ದಬ್ಬಳ ಮುಟ್ಟುತ್ತಿರಲಿಲ್ಲ. ಕಂಬದ ಹತ್ತಿರ ಸುಮ್ಮನೆ ಕೂತು, ಮೂಟೆ ಹೊತ್ತು ಹೋಗುವ ಹುಡುಗರನ್ನು ನೋಡುತ್ತಿದ್ದ. ಅವರಲ್ಲಿ ಯಾರಾದರೂ ಗರಡಿಗೆ ಹೋಗುವವರಿದ್ದರೆ ಕರೆದು, "ನಾಳೆ ಗುಂಡು ಹಿಡೀಬ್ಯಾಡ ಕಣಲೇ. ನಾಳೆ ಮಲಕ್ಕ," ಎನ್ನುತ್ತಿದ್ದ.

ಒಂದು ಭಾನುವಾರ ಸಂಜೆ ಅಂಗಡಿಯವನೊಬ್ಬ ತಮಾಷೆಗೆ ಕೇಳಿದ: "ಏನಪ್ಪಾ, ದಬ್ಬಳಕ್ಕೂ ಸೋಮಾರ ಐತಾ?"

ಅಣ್ಣ ದಬ್ಬಳವನ್ನು ಗೋಣಿಯ ಅಂಚಿಗೆ ಸಿಕ್ಕಿಸಿ, "ದಬ್ಬಳಕ್ಕಲ್ಲಪ್ಪಾ, ಅದನ್ನ ಹಿಡಿಯೋ ಮೈಗೆ," ಎಂದ.