ಆಂಟಿಯೂ ಒಳಗೆ ಬರಬಹುದೇ

ನನಗೆ ಎಚ್‌ಐವಿ ಇದೆ. ಹೇಗೆ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ನನ್ನನ್ನು ಮೊದಲು ಅದರಿಂದಲೇ ತೂಗುತ್ತಾರೆ. ಬೆಳಿಗ್ಗೆ ತಿಂಡಿಯ ಜೊತೆ ಒಂದು ಮಾತ್ರೆ ನುಂಗುತ್ತೇನೆ. ರಕ್ತಪರೀಕ್ಷೆಯಲ್ಲಿ ವೈರಸ್ ಕಾಣಿಸದಷ್ಟು ಕಡಿಮೆಯಾಗಿ ವರ್ಷಗಳೇ ಆದವು. ಅಪ್ಪರ್ ಹಟ್ ಎಂಬ ಊರಿನಲ್ಲಿ ಬಾಡಿಗೆಯ ಚಿಕ್ಕ ಮನೆ, ವೆಲ್ಲಿಂಗ್ಟನ್‌ನಲ್ಲಿ ಕೆಲಸ, ನಡುವೆ ರೈಲು. ಆ ಮಾತ್ರೆಯೊಂದನ್ನು ಬಿಟ್ಟರೆ ನನ್ನ ದಿನವೂ ಎಲ್ಲರ ದಿನದಂತೆಯೇ ಇತ್ತು.

ಈ ಊರಿನಲ್ಲಿ ನಾನು ಹಿಂದೆಮುಂದೆ ನೋಡದೆ ಹೋಗಿ ಊಟಕ್ಕೆ ಕೂರುತ್ತಿದ್ದ ಮನೆ ಒಂದೇ. ಓದಲು ಬಂದಾಗ ಅಲ್ಲೇ ಒಂದು ಕೋಣೆ ಹಿಡಿದಿದ್ದೆ. ಆ ಮನೆಯ ಒಡತಿ ಮೈಸೂರಿನವರು, ಇಲ್ಲಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸ, ಇಲ್ಲಿನ ಕನ್ನಡದವರಿಗೆಲ್ಲ ಆಂಟಿ. ನಾನು ಬೇರೆ ಮನೆ ಮಾಡಿದ ಮೇಲೂ ಅವರ ಸ್ಟೀಲ್ ಡಬ್ಬಿಯೊಂದು ನಮ್ಮಿಬ್ಬರ ಮನೆಗಳ ನಡುವೆ ಓಡಾಡುತ್ತಿತ್ತು. ಮುಚ್ಚಳದ ಮೇಲೆ ಅವರ ತಾಯಿಯ ಹೆಸರು ಕೊರೆಸಿತ್ತು. ಹುಳಿ ತುಂಬಿಕೊಂಡು ಬಂದ ಡಬ್ಬಿಯನ್ನು ಖಾಲಿ ಹಿಂತಿರುಗಿಸುವಂತಿಲ್ಲ. ಬೇರೇನೂ ಇಲ್ಲದಿದ್ದರೆ ನಾಲ್ಕು ನಿಂಬೆಹಣ್ಣು ಹಾಕಿ ಕೊಡುತ್ತಿದ್ದೆ. ನನ್ನ ಕಾಯಿಲೆ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಆ ಮನೆ ನನ್ನ ಪಾಲಿಗೆ ಇರುವುದಿಲ್ಲ ಎಂದು ಹೆದರಿದ್ದೆ.

ಕಳೆದ ಚಳಿಗಾಲದಲ್ಲಿ ಗರ್ಭಕಂಠದ ಪರೀಕ್ಷೆಗೆ ಕರೆ ಬಂತು. ಈಗ ಇಲ್ಲಿ ಪರದೆಯ ಹಿಂದೆ ನಿಂತು ನಾವೇ ಹತ್ತಿಕಡ್ಡಿಯಿಂದ ಮಾದರಿ ತೆಗೆದು ಕೊಡಬಹುದು. ಕೊಟ್ಟೆ. ಎಚ್‌ಪಿವಿ ಇದೆ ಎಂದು ಬಂತು. ಎಷ್ಟೋ ಹೆಂಗಸರಿಗೆ ಬಂದು, ಗೊತ್ತೇ ಆಗದೆ ಹೋಗಿಬಿಡುವ ವೈರಸ್ ಇದು. ಎಚ್‌ಐವಿ ಇರುವವರಲ್ಲಿ ಅದು ಉಳಿದುಕೊಳ್ಳುವುದು ಹೆಚ್ಚು. ಹಾಗೆ ಉಳಿದರೆ, ವರ್ಷಗಳ ಮೇಲೆ, ಕ್ಯಾನ್ಸರಿಗೆ ತಿರುಗಬಹುದು. ಆದ್ದರಿಂದ ನನ್ನನ್ನು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಒಳಭಾಗವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ.

ಆಸ್ಪತ್ರೆಯವರು ಕೊಟ್ಟ ದಿನಕ್ಕೇ ಆಂಟಿ ಊಟಕ್ಕೆ ಕರೆದರು. ಆಸ್ಪತ್ರೆಗೆ ಹೋಗಬೇಕು ಎಂದು ಬಾಯಿಗೆ ಬಂದುಬಿಟ್ಟಿತು.

“ಯಾಕೆ, ಏನಾಯ್ತು?”

“ಏನಿಲ್ಲ ಆಂಟಿ, ಹೆಂಗಸರ ಚೆಕಪ್ಪು.”

“ಯಾರ ಜೊತೆ ಹೋಗ್ತೀಯ?”

“ಒಬ್ಳೇ.”

“ಒಬ್ಳೇನಾ? ನಾನೇನು ಸತ್ತೋಗಿದೀನಾ?”

ನಮ್ಮಲ್ಲಿ ಆಸ್ಪತ್ರೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಆಂಟಿ ರಜೆ ಹಾಕಿ ಕಾರು ತಂದರು. ದಾರಿಯಲ್ಲಿ ಒಬ್ಬ ಹುಡುಗನ ವಿಷಯ ತೆಗೆದರು.

“ಟೌರಂಗಾದಲ್ಲಿದಾನೆ. ಇಂಜಿನಿಯರು. ಅಡುಗೆ ಬೇರೆ ಮಾಡ್ತಾನಂತೆ.”

“ತಿಂದು ನೋಡಿದೀರಾ?”

“ಫೋಟೋ ಕಳಿಸಿದ್ರು. ದೋಸೆ ಆಸ್ಟ್ರೇಲಿಯಾ ಮ್ಯಾಪ್ ಥರ ಇತ್ತು. ಆದ್ರೂ ನಿನ್ನ ದೋಸೆಗಿಂತ ವಾಸಿ.”

ನಾನು ನಕ್ಕೆ. ಆಂಟಿಯನ್ನು ಹೊರಗೇ ಕೂರಿಸಿ ಒಳಗೆ ಹೋಗಿಬರುವುದು ನನ್ನ ಲೆಕ್ಕಾಚಾರ. ಆದರೆ ನರ್ಸ್ ಬಂದು ನನ್ನನ್ನು ಕರೆದು, “ಜೊತೆಗೆ ಬಂದವರೂ ಒಳಗೆ ಬರಬಹುದು, ನಿಮಗೆ ಬೇಕಿದ್ದರೆ” ಎಂದಾಗ ಆಂಟಿ ಆಗಲೇ ಬ್ಯಾಗು ಹೆಗಲಿಗೆ ಹಾಕಿ ಎದ್ದಿದ್ದರು. “ನೀವು ಇಲ್ಲೇ ಇರಿ ಆಂಟಿ” ಅಂದರೆ ಮುಗಿಯುತ್ತಿತ್ತು. ನನಗಾಗಿ ರಜೆ ಹಾಕಿ ಬಂದ ಹಿರಿಯರಿಗೆ ಹೊರಗಿರಿ ಎನ್ನುವ ಮಾತು ನನ್ನ ಬಾಯಲ್ಲಿ ಹುಟ್ಟಲಿಲ್ಲ.

ಒಳಗೆ ಡಾಕ್ಟರೂ ಕೇಳಿದರು: “ಇವರ ಎದುರು ಎಲ್ಲವನ್ನೂ ಮಾತಾಡಬಹುದೇ?”

“ನಾನು ಅವಳ ತಾಯಿ ಇದ್ದ ಹಾಗೆ,” ಎಂದರು ಆಂಟಿ ಇಂಗ್ಲಿಷಿನಲ್ಲಿ.

ಡಾಕ್ಟರು ನನ್ನ ಉತ್ತರಕ್ಕೇ ಕಾದರು. ಇವತ್ತಿನ ಮಾತು ಎಚ್‌ಪಿವಿಯ ಬಗ್ಗೆ ಮಾತ್ರ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೌದು ಎಂದೆ.

“ನಿಮಗೆ ಎಚ್‌ಐವಿ ಇರುವುದರಿಂದ,” ಎಂದು ಅವರು ಶುರು ಮಾಡಿದರು.

ಆಂಟಿಯ ಕೈ ನನ್ನ ತೋಳಿನ ಮೇಲಿತ್ತು. ಅವರು ಅದನ್ನು ತೆಗೆಯಲಿಲ್ಲ. ಅದರ ಭಾರ ಮಾತ್ರ ಹೋಯಿತು.

ಆಮೇಲೆ ಮಂಚ, ದೀಪ, ವಿನೆಗರ್ ವಾಸನೆಯ ದ್ರವ. ಅದು ತಾಗಿ ಬಿಳಿಯಾದ ಒಂದು ಜಾಗದಿಂದ ಪರೀಕ್ಷೆಗೆ ಚೂರು ತೆಗೆದರು, ಚಿವುಟಿದ ಹಾಗಾಯಿತು. ಆಂಟಿ ಅಷ್ಟು ಹೊತ್ತೂ ಕಿಟಕಿಯ ಕಡೆ ನೋಡುತ್ತಿದ್ದರು.

ಬಟ್ಟೆ ಸರಿಮಾಡಿಕೊಂಡು ಕೇಳಿದೆ: ಈ ವೈರಸ್ಸಿಗೆ ಮಾತ್ರೆ ಇದೆಯೇ?

“ಇಲ್ಲ. ಜೀವಕೋಶಗಳು ಕೆಟ್ಟರೆ ಆ ಭಾಗ ತೆಗೆಯುತ್ತೇವೆ. ವೈರಸ್ಸನ್ನು ದೇಹವೇ ಓಡಿಸಬೇಕು. ನಿಮ್ಮ ಎಚ್‌ಐವಿ ಮಾತ್ರೆ ತಪ್ಪಿಸಬೇಡಿ, ಪರೀಕ್ಷೆಗೆ ಬನ್ನಿ.”

ಅವೆರಡನ್ನೂ ಆಗಲೇ ಮಾಡುತ್ತಿದ್ದೆ. ಮಾಡಲು ಇನ್ನೇನೂ ಉಳಿದಿರಲಿಲ್ಲ.

ವಾಪಸು ಬರುವಾಗ ಟೌರಂಗಾದ ಮಾತು ಬರಲಿಲ್ಲ. ಒಂದು ಸಿಗ್ನಲ್ಲಿನಲ್ಲಿ ಆಂಟಿ, “ಅಮ್ಮಂಗೆ ಗೊತ್ತಾ?” ಎಂದರು.

“ಇಲ್ಲ.”

“ಹೂಂ.”

ತಟ್ಟೆ ಲೋಟದಿಂದ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ. ಹೇಳಬೇಕಾದ ವಾಕ್ಯಗಳೆಲ್ಲ ನನ್ನ ಬಳಿ ಸಿದ್ಧವಾಗಿದ್ದವು. ಆದರೆ ಅವರು ಕೇಳಿರಲಿಲ್ಲ. ಕೇಳದವರಿಗೆ ಅದನ್ನು ಹೇಳಿದರೆ ಅವರ ಮನಸ್ಸಿನಲ್ಲಿ ಹಾಗಿದೆ ಎಂದು ನಾನೇ ಆರೋಪಿಸಿದಂತೆ.

ಕೆಲವು ವಾರಗಳ ಮೇಲೆ ಫಲಿತಾಂಶ ಬಂತು: ಸಣ್ಣ ಬದಲಾವಣೆ, ಸದ್ಯಕ್ಕೆ ತೆಗೆಯಬೇಕಿಲ್ಲ, ಒಂದು ವರ್ಷ ಬಿಟ್ಟು ನೋಡೋಣ. ಆಂಟಿಗೆ ಮೆಸೇಜ್ ಮಾಡಿದೆ. ಭಾನುವಾರ ಅವರೇ ಬಂದರು. ಶೂ ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಕೈಗೆ ಎರಡು ಲೀಟರಿನ ಹಳೆಯ ಐಸ್‌ಕ್ರೀಮ್ ಪ್ಲಾಸ್ಟಿಕ್ ಡಬ್ಬ ಕೊಟ್ಟರು. ಒಳಗೆ ಕುಂಬಳಕಾಯಿ ಹುಳಿ, ಇನ್ನೂ ಬಿಸಿ.

“ಡಬ್ಬ ವಾಪಸ್ ಕೊಡ್ಬೇಡ, ಬಿಸಾಕು. ಹೊತ್ತು ಹೊತ್ತಿಗೆ ಊಟ ಮಾಡು.”

“ಒಳಗೆ ಬನ್ನಿ ಆಂಟಿ.”

“ಇಲ್ಲ ಕಣೇ, ಕೆಲಸ ಇದೆ.”

ಅವರ ಸ್ಟೀಲ್ ಡಬ್ಬಿ ನನ್ನ ಬಳಿಯೇ ಇತ್ತು, ತೊಳೆದು ನಿಂಬೆಹಣ್ಣು ತುಂಬಿಟ್ಟಿದ್ದೆ. ಓಡಿಹೋಗಿ ತಂದು ಚಾಚಿದೆ. ಅವರು ಮುಚ್ಚಳದ ಮೇಲಿನ ಹೆಸರನ್ನು ನೋಡಿದರು.

“ಇರ್ಲಿ, ನೀನೇ ಇಟ್ಕೋ,” ಎಂದರು. ಕಾರಿನ ಬಾಗಿಲು ತೆಗೆದು ತಿರುಗಿ, “ಮುಂದಿನ ವರ್ಷಾನೂ ನಾನೇ ಕರ್ಕೊಂಡು ಹೋಗ್ತೀನಿ. ಹೊರಗೆ ಕೂತಿರ್ತೀನಿ” ಎಂದರು.

ಅಡುಗೆಮನೆಯಲ್ಲಿ ನಿಂತೇ ಹುಳಿ ತಿಂದೆ. ಎಂದಿನ ರುಚಿಯೇ. ತಾಯಿಯ ಹೆಸರಿದ್ದ ಡಬ್ಬಿಯನ್ನು ಅವರು ನನಗೆ ಕೊಟ್ಟರೋ, ನನ್ನ ಕೈಯಿಂದ ತೆಗೆದುಕೊಳ್ಳಲಾರದೆ ಬಿಟ್ಟರೋ, ತಿಳಿಯಲಿಲ್ಲ. ಕೇಳುವುದಕ್ಕೂ ಆಗಲಿಲ್ಲ. ಆಮೇಲೂ ಹುಳಿ ಬರುತ್ತಲೇ ಇದೆ, ಪ್ರತಿ ಸಲ ಹೊಸ ಐಸ್‌ಕ್ರೀಮ್ ಡಬ್ಬದಲ್ಲಿ. ಬಿಸಾಕಲು ಮನಸ್ಸಾಗದೆ ತೊಳೆದು ಒಂದರೊಳಗೊಂದು ಇಡುತ್ತಿದ್ದೇನೆ.